ಮೈಸೂರು–ಮಸ್ಕತ್ ಸಂಬಂಧ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿಗೂ ಒಮಾನಿಗೂ ನಡುವೆ ಬೆಳೆದ ವ್ಯಾಪಾರ, ರಾಯಭಾರ ಮತ್ತು ರಕ್ಷಣಾ ವ್ಯವಹಾರಗಳನ್ನು ಒಟ್ಟಾಗಿ ಮೈಸೂರು–ಮಸ್ಕತ್ ಸಂಬಂಧ ಎನ್ನಬಹುದು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದು ಕರಾವಳಿಗೆ ಇಳಿದಾಗ ಶುರುವಾದ ಇದು 1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಮುಗಿಯಿತು. ಒಮಾನ್ ಇಬಾದಿ ಮುಸ್ಲಿಮರ ನಾಡು. ಮೈಸೂರಿನ ದೊರೆ ಮುಸ್ಲಿಮನಾದರೂ ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ಆದ್ದರಿಂದ ಇದನ್ನು ಎರಡು ಮುಸ್ಲಿಂ ರಾಷ್ಟ್ರಗಳ ಧರ್ಮಬಾಂಧವ್ಯವೆಂದು ಓದುವುದು ತಪ್ಪಾಗುತ್ತದೆ. ಒಬ್ಬರಿಗೆ ಅಕ್ಕಿ ಬೇಕಿತ್ತು, ಇನ್ನೊಬ್ಬರಿಗೆ ಗಂಧಕ ಮತ್ತು ಕುದುರೆ ಬೇಕಿತ್ತು. ಸಂಬಂಧ ನಿಂತದ್ದು ಆ ಬೇಕುಗಳ ಮೇಲೆ.

ಹಿನ್ನೆಲೆ

ಬಿದನೂರು ಕೈಸೇರಿದಾಗ ಅದರೊಂದಿಗೆ ಮಂಗಳೂರು ಬಂದರೂ ಮೈಸೂರಿಗೆ ಸಿಕ್ಕಿತು. ಅಲ್ಲಿಯವರೆಗೆ ಮೈಸೂರು ಒಳನಾಡಿನ ರಾಜ್ಯ. ಮಳೆ ಕಡಿಮೆ, ಮರಳು ಹೆಚ್ಚು ಇರುವ ಒಮಾನಿಗೆ ಕೆನರಾ ಕರಾವಳಿಯ ಅಕ್ಕಿ ನಿತ್ಯದ ಊಟದ ವಸ್ತು. ಬಿದನೂರನ್ನು ಆಳುತ್ತಿದ್ದ ಕೆಳದಿ ಅರಸರ ಕಾಲದಿಂದಲೇ ಅರಬ್ ಹಡಗುಗಳು ಇಲ್ಲಿಗೆ ಬಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ಹೈದರ್ ಆ ಹಳೆಯ ದಾರಿಯನ್ನು ತನ್ನದಾಗಿಸಿಕೊಂಡ.

ಒಮಾನಿನಲ್ಲಿ ಆಗ ಆಳುತ್ತಿದ್ದವನು ಅಲ್ ಬುಸೈದಿ ವಂಶದ ಮೂಲಪುರುಷ ಇಮಾಮ್ ಅಹ್ಮದ್ ಬಿನ್ ಸೈದ್. 1783ರಲ್ಲಿ ಅವನು ತೀರಿಕೊಂಡ. ಅದಕ್ಕೆ ಮೊದಲೇ, 1782ರ ಡಿಸೆಂಬರಿನಲ್ಲಿ, ಹೈದರ್ ಸತ್ತು ಟಿಪ್ಪು ಪಟ್ಟಕ್ಕೆ ಬಂದಿದ್ದ. ಎರಡೂ ಕಡೆ ಮುಂದಿನ ತಲೆಮಾರು ಹಳೆಯ ಸಂಬಂಧವನ್ನು ಮುಂದುವರಿಸಿತು.

ಮಸ್ಕತ್ತಿನ ಕೋಠಿ

ಟಿಪ್ಪು ಮಸ್ಕತ್ತಿನಲ್ಲಿ ಸರ್ಕಾರಿ ವ್ಯಾಪಾರ ಕೋಠಿಯೊಂದನ್ನು ನಡೆಸಿದ. 1785–86ರಲ್ಲಿ ಅದರ ದರೋಗ, ಅಂದರೆ ಮೇಲ್ವಿಚಾರಕ, ಆಗಿದ್ದವನು ಮೀರ್ ಕಾಜಿಂ. ಅವನಿಗೆ ಟಿಪ್ಪು ಬರೆಸಿದ ಪತ್ರಗಳು ಉಳಿದಿವೆ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಅವನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ. ಆ ಪತ್ರಗಳಲ್ಲಿ ಕಾಣುವ ದೊರೆ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕೂತ ಸಾಹುಕಾರ. ಶ್ರೀಗಂಧ, ಮೆಣಸು, ಏಲಕ್ಕಿಯನ್ನು ಸಿಕ್ಕ ಬೆಲೆಗೆ ಮಾರಬೇಡ, ದರ ಏರುವವರೆಗೆ ಹಿಡಿದಿಡು ಎನ್ನುತ್ತಾನೆ. ಕೇಸರಿಯ ಬೀಜ, ಖರ್ಜೂರದ ಸಸಿ, ರೇಷ್ಮೆಹುಳು ಮತ್ತು ಹುಳು ಸಾಕಲು ಬಲ್ಲವರು, ಹಡಗು ಕಟ್ಟುವ ಬಡಗಿಗಳು, ಮುತ್ತಿಗಾಗಿ ಮುಳುಗುವವರು, ಎಲ್ಲರನ್ನೂ ಎಲ್ಲವನ್ನೂ ಕಳಿಸು ಎಂದು ಮತ್ತೆ ಮತ್ತೆ ಬರೆಸುತ್ತಾನೆ. ರೇಷ್ಮೆಹುಳುವಿಗಾಗಿ ಅವನು ಬಂಗಾಳಕ್ಕೂ ಜನ ಕಳಿಸಿದ್ದ. ಮುಂದೆ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕೃಷಿಯ ಆರಂಭ ಈ ಹುಡುಕಾಟದಲ್ಲಿದೆ.

ಇಲ್ಲಿಂದ ಅಕ್ಕಿ, ಶ್ರೀಗಂಧ, ಮೆಣಸು, ಏಲಕ್ಕಿ, ಬಟ್ಟೆ ಹೋಗುತ್ತಿದ್ದವು. ಅಲ್ಲಿಂದ ಕುದುರೆ, ಗಂಧಕ, ತಾಮ್ರ, ಮುತ್ತು, ಒಣದ್ರಾಕ್ಷಿ, ಪಿಸ್ತಾ ಬರುತ್ತಿದ್ದವು. ಮಸ್ಕತ್ತಿನಲ್ಲಿ ಮೈಸೂರಿನ ಸರಕಿಗೆ ಸುಂಕದ ರಿಯಾಯಿತಿ ಇತ್ತು, ಟಿಪ್ಪುವಿನ ಬಂದರುಗಳಲ್ಲಿ ಒಮಾನಿ ವರ್ತಕರಿಗೂ ಅದೇ ಸೌಲಭ್ಯ. ಇದರ ಹಿಂದೆ ರಾಜಕೀಯವೂ ಇತ್ತು. ಈಸ್ಟ್ ಇಂಡಿಯಾ ಕಂಪನಿಗೆ ಮೆಣಸು, ಗಂಧ ಸಿಗದಂತೆ ಮಾಡುವುದು ಟಿಪ್ಪುವಿನ ಉದ್ದೇಶ. ಕಂಪನಿಗೆ ಮಾರದ ಸರಕಿಗೆ ಬೇರೆ ಪೇಟೆ ಬೇಕಲ್ಲ, ಆ ಪೇಟೆಯಾಗಿ ಮಸ್ಕತ್ ಒದಗಿತು. 1793–94ರಲ್ಲಿ ಅವನು ವಾಣಿಜ್ಯ ನಿಯಮಾವಳಿ ಹೊರಡಿಸಿ ಮಲಿಕ್-ಉತ್-ತುಜ್ಜಾರ್ ಎಂಬ ವರ್ತಕಾಧಿಕಾರಿಗಳ ಇಲಾಖೆಯನ್ನೇ ಕಟ್ಟಿದ. ಸಾಮಾನ್ಯ ಪ್ರಜೆಗಳೂ ಅದರಲ್ಲಿ ಹಣ ಹೂಡಬಹುದಿತ್ತು. ಚಿಕ್ಕ ಮೊತ್ತ ಹೂಡಿದವರಿಗೆ ದೊಡ್ಡ ಮೊತ್ತದವರಿಗಿಂತ ಹೆಚ್ಚಿನ ದರದ ಲಾಭ. ಹದಿನೆಂಟನೆಯ ಶತಮಾನದ ದೊರೆಯೊಬ್ಬ ಬಡ ಹೂಡಿಕೆದಾರನನ್ನು ಇಷ್ಟು ಮನಸ್ಸಿಟ್ಟು ನೆನೆದದ್ದು ವಿರಳ.

ದುರ್ಗದ ಸೀಮೆ ಮತ್ತು ಸಮುದ್ರ

ಚಿತ್ರದುರ್ಗದಿಂದ ಸಮುದ್ರ ದೂರ, ನಡುವೆ ಮಲೆನಾಡಿನ ಘಟ್ಟ ಬೇರೆ. ಆದರೂ ಈ ಸಂಬಂಧದಲ್ಲಿ ದುರ್ಗದ ಪಾಲು ಸಣ್ಣದಲ್ಲ. ಹೊಳಲ್ಕೆರೆಯ ನಾಯಕತನದಿಂದ ಆರಂಭಿಸಿ ಹಿರಿಯೂರಿಗೂ ಕೊನೆಗೆ ಚಿತ್ರದುರ್ಗಕ್ಕೂ ಬೆಳೆದ ಬೇಡ ನಾಯಕರ ಸಂಸ್ಥಾನವನ್ನು ಹೈದರ್ 1779ರಲ್ಲಿ ಗೆದ್ದ. ಕೊನೆಯ ಮದಕರಿ ನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾದ. ಸುಮಾರು 20,000 ಬೇಡರನ್ನು ಅಲ್ಲಿಗೆ ಸಾಗಿಸಿ, ಅವರ ಹುಡುಗರನ್ನು ಮತಾಂತರಿಸಿ ಚೇಲಾ ಪಡೆಗಳನ್ನು ಕಟ್ಟಲಾಯಿತು. ಮೈಸೂರಿನ ಸೈನ್ಯಬಲದ ಒಂದು ಭಾಗ ಈ ನೋವಿನ ಮೇಲೆ ನಿಂತಿತ್ತು ಎಂಬುದನ್ನು ಮರೆಯಲಾಗದು.

ಟಿಪ್ಪು ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂದು ಹೊಸ ಹೆಸರಿಟ್ಟು ಇಲ್ಲಿ ಟಂಕಸಾಲೆ ತೆರೆದ. ಇಲ್ಲಿ ಅಚ್ಚಾದ ತಾಮ್ರದ ಪೈಸೆಯ ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪಾರಸಿ ಲಿಪಿಯಲ್ಲಿ ಈ ಟಂಕಸಾಲೆಯ ಹೆಸರು. ದುರ್ಗದ ಪಕ್ಕದ ಇಂಗಳದಾಳಿನ ನೆಲದಲ್ಲಿ ತಾಮ್ರದ ಅದಿರು ಇದ್ದರೂ ಅಲ್ಲಿ ದೊಡ್ಡ ಗಣಿಗಾರಿಕೆ ನಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ; ಟಿಪ್ಪುವಿನ ಕಾಲದ ಮೈಸೂರು ಮಸ್ಕತ್ತಿನಿಂದ ತಾಮ್ರ ತರಿಸಿಕೊಳ್ಳುತ್ತಿತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಬಿದನೂರುಗಳ ಜೊತೆಗೆ ಚಿತ್ರದುರ್ಗದಲ್ಲೂ ತಾರಾಮಂಡಲ ಎಂಬ ಆಯುಧ ಕಾರ್ಖಾನೆ ಇತ್ತು.

ಕೋಟೆ ನೋಡಲು ಹೋದವರಿಗೆ ಮದ್ದು ಬೀಸುವ ಕಲ್ಲುಗಳನ್ನು ತೋರಿಸುತ್ತಾರೆ. ಕಲ್ಲು ಕಟ್ಟಿದ ಆಳವಾದ ಗುಂಡಿಯೊಳಗೆ ಆಳೆತ್ತರದ ಅಗಲವಿರುವ ನಾಲ್ಕು ಬೀಸುವ ಕಲ್ಲುಗಳು. ನಡುವೆ ಹಲ್ಲಿನ ಚಕ್ರ ಕೂರಿಸಿ, ದನಕರು ಕಟ್ಟಿ ತಿರುಗಿಸುತ್ತಿದ್ದರು ಎಂದು ಊರವರ ಹೇಳಿಕೆ. ಕೋವಿಮದ್ದಿಗೆ ಬೇಕಾದ್ದು ಮೂರು: ಇದ್ದಿಲು, ಪೆಟ್ಲುಪ್ಪು, ಗಂಧಕ. ಮೊದಲ ಎರಡು ಈ ಸೀಮೆಯಲ್ಲೇ ಸಿಗುತ್ತಿದ್ದವು. ಗಂಧಕ ಹೊರಗಿನಿಂದಲೇ ಬರಬೇಕು. ಮಸ್ಕತ್ತಿನ ಹಡಗು ತಪ್ಪಿದರೆ ಮೈಸೂರಿನ ಫಿರಂಗಿಗೂ ಕೊರತೆ ಎಂಬ ಸ್ಥಿತಿ ಈ ಕಲ್ಲುಗಳ ಮುಂದೆ ನಿಂತಾಗ ಚೆನ್ನಾಗಿ ಮನದಟ್ಟಾಗುತ್ತದೆ.

ಇಸ್ತಾಂಬುಲ್ ರಾಯಭಾರ

ಮಸ್ಕತ್ ಟಿಪ್ಪುವಿಗೆ ಬರಿಯ ಪೇಟೆಯಲ್ಲ, ಪಶ್ಚಿಮದ ಬಾಗಿಲೂ ಆಗಿತ್ತು. 1785ರ ನವೆಂಬರಿನಲ್ಲಿ ಅವನು ಗುಲಾಮ್ ಅಲಿ ಖಾನನ ನಾಯಕತ್ವದಲ್ಲಿ ಉಸ್ಮಾನಿ (ಆಟೊಮನ್) ಸುಲ್ತಾನನ ಬಳಿಗೆ ದೊಡ್ಡ ರಾಯಭಾರವನ್ನು ಕಳುಹಿಸಿದ. ಸುಮಾರು 900 ಜನರಿದ್ದ ತಂಡ 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟು, ಮಸ್ಕತ್ ಮುಟ್ಟಿ, ಬುಶೈರ್ ಮತ್ತು ಬಸ್ರಾ ದಾಟಿ 1787ರ ಸೆಪ್ಟೆಂಬರಿನಲ್ಲಿ ಇಸ್ತಾಂಬುಲ್ ತಲುಪಿತು. ತಂಡದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಕಾದಿರ್ ಬರೆದ ಪಾರಸಿ ದಿನಚರಿ ಬಸ್ರಾವರೆಗಿನ ಪಯಣದ ಸಂಕಟಗಳನ್ನು ದಾಖಲಿಸಿದೆ.

ಟಿಪ್ಪು ಕೇಳಿದ್ದು ಹಲವು. ಬಸ್ರಾ ಬಂದರಿನಲ್ಲಿ ಹಕ್ಕು, ಅದಕ್ಕೆ ಬದಲಾಗಿ ಮಂಗಳೂರಿನಲ್ಲಿ ಉಸ್ಮಾನಿಗಳಿಗೆ ಹಕ್ಕು. ತನ್ನ ಖರ್ಚಿನಲ್ಲಿ ಉಸ್ಮಾನಿ ಸೈನ್ಯ. ಕೋವಿ, ಗಾಜು, ಪಿಂಗಾಣಿ ಮಾಡುವ ಕುಶಲಕರ್ಮಿಗಳು. ಗಾಜಿನ ಮಾತು ಬಂದಾಗ ಹೊಸದುರ್ಗ ತಾಲೂಕಿನ ಮತ್ತೋಡು ನೆನಪಾಗಬೇಕು. ಅಲ್ಲಿ ಬಳೆಗಾಗಿ ಗಾಜು ಕಾಯಿಸುವ ಕುಲುಮೆಗಳಿದ್ದವು. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಗಾಜಿನ ಬಗ್ಗೆ ಬರೆದಿಟ್ಟಿದ್ದಾನೆ. ತನ್ನದೇ ರಾಜ್ಯದ ಈ ಕೈಕಸುಬನ್ನು ಬೆಳೆಸುವ ದಾರಿ ಸುಲ್ತಾನನಿಗೆ ಇಸ್ತಾಂಬುಲ್ಲಿಗಿಂತ ಹತ್ತಿರವಿತ್ತು.

ಫಲ ಮಾತ್ರ ನಿರಾಶಾದಾಯಕ. ಸುಲ್ತಾನ್ ಅಬ್ದುಲ್ ಹಮೀದ್ ರಾಯಭಾರಿಗಳನ್ನು ಗೌರವಿಸಿದ, ಮಾನ್ಯತೆಯ ಪತ್ರ ಕೊಟ್ಟ. ಸೈನ್ಯ ಕೊಡಲಿಲ್ಲ, ಬಸ್ರಾ ಬಿಡಲಿಲ್ಲ. 1787ರ ಆಗಸ್ಟಿನಲ್ಲೇ ರಷ್ಯದೊಂದಿಗೆ ಯುದ್ಧಕ್ಕಿಳಿದಿದ್ದ ಅವನಿಗೆ ಇಂಗ್ಲಿಷರ ವೈರ ಕಟ್ಟಿಕೊಳ್ಳುವ ಮನಸ್ಸಿರಲಿಲ್ಲ. ಪ್ಲೇಗು, ಚಳಿ, ಹಡಗುಗಳ ನಷ್ಟದಿಂದ ತಂಡದ ಬಹುಪಾಲು ಜನ ದಾರಿಯಲ್ಲೇ ಸತ್ತರು. ಇಸ್ತಾಂಬುಲ್ ಕೊಟ್ಟದ್ದು ಬಿರುದು ಮತ್ತು ಕಾಗದ, ಮಸ್ಕತ್ ಕೊಟ್ಟದ್ದು ಸರಕು. ಮೈಸೂರಿನ ವಿದೇಶ ವ್ಯವಹಾರದಲ್ಲಿ ಗಟ್ಟಿಯಾಗಿ ನಿಂತದ್ದು ಎರಡನೆಯದೇ.

ಸಂಬಂಧದ ಕೊನೆ

1790–92ರ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಪರಶುರಾಮ ಭಾವುವಿನ ಮರಾಠಾ ಸೈನ್ಯ ದುರ್ಗದ ಸೀಮೆಯಲ್ಲಿ ಹಾದು ಹಿರಿಯೂರಿನ ಕಡೆಯ ಹಳ್ಳಿಗಳನ್ನು ಹಾಳುಗೆಡವಿತು, ಚಿತ್ರದುರ್ಗದ ಕೋಟೆ ಮಾತ್ರ ಬಗ್ಗಲಿಲ್ಲ. ಮಲಬಾರಿನ ಮೆಣಸಿನ ನಾಡು ಕಂಪನಿಯ ಪಾಲಾಯಿತು, ಮಂಗಳೂರು ಮೈಸೂರಿನಲ್ಲೇ ಉಳಿಯಿತು. ಅಕ್ಕಿಯ ಹಡಗುಗಳು ನಿಲ್ಲಲಿಲ್ಲ, ಆದರೆ ಮಾರಲು ಮೈಸೂರಿನ ಬಳಿ ಮೊದಲಿನಷ್ಟು ಸರಕಿರಲಿಲ್ಲ.

ಪೆಟ್ಟು ಬಿದ್ದದ್ದು 1798ರಲ್ಲಿ. ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದೇ ತಡ, ಇಂಗ್ಲಿಷರು ಮಸ್ಕತ್ತಿನ ಮೇಲೆ ಒತ್ತಡ ಹೇರಿದರು. ಆ ವರ್ಷದ ಅಕ್ಟೋಬರ್ 12ರಂದು ಮಸ್ಕತ್ತಿನ ದೊರೆ ಸುಲ್ತಾನ್ ಬಿನ್ ಅಹ್ಮದ್ ಕಂಪನಿಯ ದೂತ ಮೆಹ್ದಿ ಅಲಿ ಖಾನನೊಂದಿಗೆ ಕೌಲುನಾಮೆಗೆ ಒಪ್ಪಿ, ಫ್ರೆಂಚರಿಗೆ ತನ್ನ ನೆಲದಲ್ಲಿ ಎಡೆ ಕೊಡುವುದಿಲ್ಲವೆಂದು ಮಾತುಕೊಟ್ಟ. ಒಮಾನಿನ ಹಡಗುಗಳಿಗೆ ಕಂಪನಿಯ ಬಂದರುಗಳು ಬೇಕಿದ್ದವು. ಅದೇ ಲೆಕ್ಕಾಚಾರ ಹಿಂದೆ ಮೈಸೂರಿನ ಪರವಾಗಿತ್ತು, ಈಗ ತಿರುಗಿತು. ಇದನ್ನು ದ್ರೋಹವೆನ್ನಲು ಆಧಾರವಿಲ್ಲ. ಉಸ್ಮಾನಿ ಸುಲ್ತಾನ್ ಮೂರನೆಯ ಸಲೀಮನೂ ಫ್ರೆಂಚರ ಸಹವಾಸ ಬಿಡುವಂತೆ ಟಿಪ್ಪುವಿಗೆ ಬರೆದ, ಆ ಪತ್ರ ಬಂದದ್ದು ಇಂಗ್ಲಿಷರ ಕೈಯಿಂದ. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಬರೆದ ಕಾಗದ ಟಿಪ್ಪುವನ್ನು ಮುಟ್ಟುವ ಮೊದಲೇ ಇಂಗ್ಲಿಷರ ವಶವಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮಂಗಳೂರು ಕಂಪನಿಗೆ ಹೋಯಿತು, ಮೈಸೂರು ಮತ್ತೆ ಒಳನಾಡಾಯಿತು. ಚಿತ್ರದುರ್ಗ ಒಡೆಯರ ರಾಜ್ಯಕ್ಕೆ ಸೇರಿತು. ಹೊಳಲ್ಕೆರೆ, ಮಾಯಕೊಂಡ ಮತ್ತು ಹರಿಹರಗಳನ್ನು ಕಂಪನಿ 1803ರ ಒಪ್ಪಂದದಲ್ಲಿ ಪುಂಗನೂರು, ವಯನಾಡು ಮತ್ತು ಏಳುಸಾವಿರ ಸೀಮೆಗೆ ಬದಲಾಗಿ ಮೈಸೂರಿಗೆ ಬಿಟ್ಟುಕೊಟ್ಟಿತು.