ಬಯೋಡಾಟಾ: ಕೊಟ್ಟದ್ದು ಮತ್ತು ಮಾಡಿದ್ದು

ಇಂಗ್ಲಿಷಿನಿಂದ ಬಂದು ಕನ್ನಡದ ಆಡುಮಾತಿನಲ್ಲಿ ಬೇರೂರಿದ ಪದಗಳಲ್ಲಿ ‘ಬಯೋಡಾಟಾ’ ಒಂದು. ಕೆಲವರ ಬಾಯಲ್ಲಿ ಬಯೋಡೇಟಾ ಆಗುವ ಈ ಪದ ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ರಾಜೂರಿನಂಥ ಊರಿನಲ್ಲಿ ಎರಡು ಸಂದರ್ಭಗಳಲ್ಲಿ ಕಿವಿಗೆ ಬೀಳುತ್ತದೆ: ಕನ್ಯೆಯ ಕಡೆಯವರು ‘ಹುಡುಗನ ಬಯೋಡಾಟಾ ಕಳಸ್ರಿ’ ಎಂದು ಕೇಳುವಾಗ ಒಮ್ಮೆ, ಪದವಿಯ ಕೊನೆಯ ವರ್ಷದಲ್ಲಿರುವ ಮಗನೋ ಮಗಳೋ ಕೆಲಸ ಹುಡುಕತೊಡಗಿದಾಗ ಇನ್ನೊಮ್ಮೆ. ಮದುವೆಯ ಬಯೋಡಾಟಾದಲ್ಲಿ ಹೆಸರು, ಜನ್ಮದಿನಾಂಕ, ರಾಶಿ, ನಕ್ಷತ್ರ, ಎತ್ತರ, ವಂಶದ ಕವಲನ್ನು ಸೂಚಿಸುವ ಬೆಡಗು, ಸೋದರಮಾವಂದಿರ ಊರು, ಹೊಲ ಎಷ್ಟು ಎಕರೆ ಎಂಬ ವಿವರಗಳಿರುತ್ತವೆ. ಕೆಲಸದ ಬಯೋಡಾಟಾದಲ್ಲಿ ರಾಶಿ, ನಕ್ಷತ್ರ, ಎಕರೆಗಳು ಬಿಟ್ಟುಹೋಗಿ, ತಂದೆಯ ಹೆಸರು, ಜನ್ಮದಿನಾಂಕ, ಧರ್ಮ, ಜಾತಿ, ರಾಷ್ಟ್ರೀಯತೆ, ಮದುವೆಯಾಗಿದೆಯೋ ಇಲ್ಲವೋ ಎಂಬ ಮಾಹಿತಿ ಹಾಗೆಯೇ ಉಳಿದು, ಅಂಕಗಳ ಕೋಷ್ಟಕವೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು ಎಂಬುದು ತಿಳಿಯುತ್ತದೆ. ಕೆಲಸ ಹುಡುಕುವ ವಿದ್ಯಾರ್ಥಿಗೆ ನಷ್ಟ ತರುವುದು ಈ ಹೋಲಿಕೆಯೇ.

ಪದದ ಬೇರುಗಳನ್ನು ನೋಡಿದರೆ ಈ ನಷ್ಟದ ಕಾರಣ ಸ್ಪಷ್ಟವಾಗುತ್ತದೆ. ‘ಬಯೋ’ ಎಂಬುದು ಬದುಕು ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದದ್ದು; ‘ಡಾಟಾ’ ಎಂಬುದು ‘ಕೊಡಲಾದದ್ದು’ ಎಂಬ ಅರ್ಥದ ಲ್ಯಾಟಿನ್ ಪದದ ಬಹುವಚನ. ಕನ್ನಡದ ವಿದ್ವಾಂಸರು ಡಾಟಾಕ್ಕೆ ‘ದತ್ತಾಂಶ’ ಎಂಬ ಪದವನ್ನು ಬಳಕೆಗೆ ತಂದಾಗ ಆ ಅರ್ಥವನ್ನೇ ಎತ್ತಿಕೊಂಡರು, ಏಕೆಂದರೆ ಸಂಸ್ಕೃತದ ‘ದತ್ತ’ ಎಂದರೂ ಕೊಡಲಾದದ್ದು ಎಂದೇ ಅರ್ಥ. ದತ್ತುಮಗು, ದತ್ತಿನಿಧಿ ಎಂಬ ಮಾತುಗಳಲ್ಲಿರುವುದೂ ಅದೇ. ಹೀಗಾಗಿ ಬಯೋಡಾಟಾ ಎಂದರೆ ಒಬ್ಬರಿಗೆ ಬದುಕು ತಾನಾಗಿ ಕೊಟ್ಟ ಸಂಗತಿಗಳ ಪಟ್ಟಿ. ಹೆಸರು ಹಿರಿಯರು ಇಟ್ಟದ್ದು, ಹುಟ್ಟಿದ ದಿನ, ಜಾತಿ ಮತ್ತು ಊರು ಯಾರೂ ಆರಿಸಿಕೊಂಡದ್ದಲ್ಲ. ಎರಡು ಮನೆತನಗಳು ಸಂಬಂಧ ಬೆಳೆಸುವಾಗ ಇಂಥ ವಿವರಗಳನ್ನು ಕೇಳುವುದಕ್ಕೆ ಆ ಸಂದರ್ಭದ್ದೇ ಆದ ಕಾರಣಗಳಿವೆ. ಆದರೆ ಒಬ್ಬ ವ್ಯಕ್ತಿಯ ದುಡಿಮೆಯನ್ನು ಕೊಳ್ಳಲು ಹೊರಟ ಸಂಸ್ಥೆಗೆ ಬೇಕಾದದ್ದು ಆ ವ್ಯಕ್ತಿ ಏನು ಮಾಡಬಲ್ಲ ಎಂಬ ಉತ್ತರ, ಮತ್ತು ಅದಕ್ಕೆ ಇರುವ ಸಾಕ್ಷಿಯೆಂದರೆ ಅವನು ಇದುವರೆಗೆ ಮಾಡಿದ ಕೆಲಸ.

ಆ ಉತ್ತರಕ್ಕಾಗಿಯೇ ಇರುವ ಪತ್ರದ ಹೆಸರು ‘ರೆಸ್ಯೂಮೆ’. ಫ್ರೆಂಚ್ ಮೂಲದಲ್ಲಿ ಅದರ ಅರ್ಥ ‘ಸಂಗ್ರಹಿಸಿ ಹೇಳಿದ್ದು’ ಎಂದು; ಆದ್ದರಿಂದಲೇ ವಿದ್ಯಾರ್ಥಿಯ ರೆಸ್ಯೂಮೆ ಒಂದು ಪುಟ ಮೀರಬಾರದೆಂಬ ರೂಢಿ. ‘ಸಿವಿ’ ಎಂದು ಚಿಕ್ಕದಾಗಿ ಕರೆಯುವ ‘ಕರಿಕ್ಯುಲಮ್ ವಿಟೇ’ ಎಂಬ ಲ್ಯಾಟಿನ್ ಮಾತಿಗೆ ‘ಬದುಕಿನ ಓಟ’ ಎಂಬ ಅರ್ಥವಿದ್ದು, ಸಂಶೋಧಕರೂ ಅಧ್ಯಾಪಕರೂ ತಮ್ಮ ಪ್ರಕಟಣೆಗಳನ್ನೆಲ್ಲ ಸೇರಿಸಿ ಹಲವು ಪುಟಗಳಲ್ಲಿ ಬರೆಯುವ ದಾಖಲೆಗೆ ಅದು ಸಲ್ಲುತ್ತದೆ. ಕನ್ನಡದ ‘ಸ್ವವಿವರ’ ಎಂಬ ಪದ ಕಚೇರಿಯ ಕಾಗದಗಳಲ್ಲಿ ಅಲ್ಲಲ್ಲಿ ಕಾಣಿಸಿದರೂ ಆಡುವವರ ನಾಲಗೆಗೆ ಇನ್ನೂ ಒಗ್ಗಿಲ್ಲ. ಬಯೋಡಾಟಾ, ರೆಸ್ಯೂಮೆ, ಸಿವಿ ಈ ಮೂರರ ನಡುವಿನ ಭೇದವನ್ನು ಕೆಲಸ ಕೊಡುವವರು ತಿಳಿದಿರುತ್ತಾರೆ. ರೆಸ್ಯೂಮೆ ಕೇಳಿದಾಗ ಬಯೋಡಾಟಾ ಒಯ್ದುಕೊಡುವ ವಿದ್ಯಾರ್ಥಿಗೆ ಮಾತ್ರ ಅದನ್ನು ಯಾರೂ ಹೇಳಿರುವುದಿಲ್ಲ.

ಈ ರೂಢಿಗೆ ವಿದ್ಯಾರ್ಥಿಯನ್ನು ದೂಷಿಸುವುದು ನ್ಯಾಯವಲ್ಲ. ರೋಣ, ಗಜೇಂದ್ರಗಡ, ನರಗುಂದ ಭಾಗದ ಪದವೀಧರರ ಕಣ್ಣೆದುರು ಮೊದಲಿಗೆ ನಿಲ್ಲುವುದು ಸರ್ಕಾರಿ ನೌಕರಿ, ಮತ್ತು ಸರ್ಕಾರಿ ಅರ್ಜಿ ಕೇಳುವುದು ಕೊಟ್ಟ ಸಂಗತಿಗಳನ್ನೇ. ಕರ್ನಾಟಕ ಲೋಕಸೇವಾ ಆಯೋಗವಾಗಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಲಿ ಕರೆಯುವ ಅರ್ಜಿಯಲ್ಲಿ ಮೀಸಲಾತಿಯ ಪ್ರವರ್ಗ, ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ವ್ಯಾಸಂಗ ಎಂಬ ಅಂಕಣಗಳಿರುತ್ತವೆ; ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇರುವಾಗ ಆ ಅಂಕಣಗಳನ್ನು ತುಂಬದೆ ಬಿಡುವಂತಿಲ್ಲ. ಊರಿನ ಹೆಸರಿಗೂ ಅಲ್ಲಿ ತೂಕವಿದೆ. ಗಜೇಂದ್ರಗಡ ತಾಲ್ಲೂಕಿನ ಗಡಿ ದಾಟಿ ಕೊಪ್ಪಳ ಜಿಲ್ಲೆಗೆ ಕಾಲಿಟ್ಟರೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಮೀಸಲಾತಿ ದೊರೆಯುತ್ತದೆ, ಗಡಿಯ ಈಚೆಗೆ ಗದಗ ಜಿಲ್ಲೆಯಲ್ಲಿ ದೊರೆಯುವುದಿಲ್ಲ. ಹಳೆಯ ಕಾಗದಪತ್ರಗಳ ರೀತಿಯಲ್ಲಿ ‘ಸಾ|| ರಾಜೂರ, ತಾ|| ಗಜೇಂದ್ರಗಡ, ಜಿ|| ಗದಗ’ ಎಂದು ಬರೆಯುವಾಗ ಬರುವ ‘ಸಾ||’ ಎಂಬುದು ‘ಸಾಕಿನ್’ ಎಂಬ ಅರಬ್ಬಿ ಮೂಲದ ಪದದ ಚಿಕ್ಕ ರೂಪ. ನೆಲೆಸಿದವನು ಎಂಬುದು ಅದರ ಅರ್ಥ. ಸರ್ಕಾರಿ ಅರ್ಜಿಯಲ್ಲಿ ಎಲ್ಲಿ ನೆಲೆಸಿದವನು ಎಂಬುದೇ ಹಕ್ಕನ್ನು ನಿರ್ಧರಿಸುವುದರಿಂದ ಆ ಒಂದು ಅಕ್ಷರ ಅಲ್ಲಿ ಅಗತ್ಯವಾಗಿದೆ.

ಖಾಸಗಿ ಸಂಸ್ಥೆಯ ರೆಸ್ಯೂಮೆಯಲ್ಲಿ ಇವುಗಳಲ್ಲಿ ಬಹುಪಾಲಿಗೆ ಜಾಗವಿಲ್ಲ. ಧರ್ಮ, ಜಾತಿ, ತಂದೆಯ ಉದ್ಯೋಗ, ವೈವಾಹಿಕ ಸ್ಥಿತಿ ಇವು ಆಯ್ಕೆ ಮಾಡುವವರ ಕಣ್ಣಿಗೆ ಬೀಳಬಾರದೆಂಬ ತತ್ವಕ್ಕೆ ಹೊರದೇಶಗಳಲ್ಲಿ ಕಾನೂನಿನ ಬೆಂಬಲವೂ ಇದೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಜನಾಂಗ, ವರ್ಣ, ಧರ್ಮ, ಲಿಂಗ ಮತ್ತು ರಾಷ್ಟ್ರಮೂಲದ ಆಧಾರದ ಮೇಲೆ ನೌಕರಿಯಲ್ಲಿ ಭೇದ ಮಾಡುವುದನ್ನು ನಿಷೇಧಿಸಿದ ಮೇಲೆ, 1967ರ ಇನ್ನೊಂದು ಕಾಯ್ದೆ ನಲವತ್ತು ದಾಟಿದವರಿಗೆ ವಯಸ್ಸಿನ ವಿಷಯದಲ್ಲೂ ಆ ರಕ್ಷಣೆಯನ್ನು ಕೊಟ್ಟ ಮೇಲೆ, ಅಲ್ಲಿನ ರೆಸ್ಯೂಮೆಗಳಿಂದ ಜನ್ಮದಿನಾಂಕವೂ ಭಾವಚಿತ್ರವೂ ಮರೆಯಾದವು. ಬೆಂಗಳೂರಿನಲ್ಲಿ ನೆಲೆಯೂರಿದ ಬಹುರಾಷ್ಟ್ರೀಯ ಕಂಪನಿಗಳೊಡನೆ ಆ ರೂಢಿ ಇಲ್ಲಿಗೂ ಬಂದಿದೆ. ಊರಿನ ಹೆಸರು, ಫೋನ್ ಸಂಖ್ಯೆ, ಇಮೇಲ್ ಇಷ್ಟಿದ್ದರೆ ಗುರುತಿಗೆ ಸಾಕು.

ಹಾಗೆ ತೆಗೆದುಹಾಕಿದ ಮೇಲೆ ಹಾಳೆಯಲ್ಲಿ ಉಳಿಯುವ ಖಾಲಿ ಜಾಗವೇ ಹಳ್ಳಿಯ ವಿದ್ಯಾರ್ಥಿಯನ್ನು ಹೆದರಿಸುತ್ತದೆ. ‘ಅನುಭವ’ ಎಂಬ ಅಂಕಣದಲ್ಲಿ ‘ಇಲ್ಲ’ ಎಂದೋ ‘ಫ್ರೆಶರ್’ ಎಂದೋ ಬರೆದು ಮುಂದೆ ಹೋಗುವುದು ಎಲ್ಲೆಡೆ ಕಾಣುವ ಸಂಗತಿ, ಮತ್ತು ಅದು ಸಾಮಾನ್ಯವಾಗಿ ಸುಳ್ಳು. ರಾಜ್ಯದ ಬೆಳೆ ಸಮೀಕ್ಷೆಯನ್ನೇ ತೆಗೆದುಕೊಳ್ಳಬಹುದು. ಮುಂಗಾರು, ಹಿಂಗಾರು, ಬೇಸಿಗೆ ಹಂಗಾಮುಗಳಲ್ಲಿ ಯಾವ ಸರ್ವೆ ನಂಬರಿನ ಯಾವ ಹಿಸ್ಸೆಯಲ್ಲಿ ಏನು ಬಿತ್ತಿದ್ದಾರೆಂದು ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಲು ಸರ್ಕಾರ ಸ್ಥಳೀಯ ಯುವಕರನ್ನು ನೇಮಿಸುತ್ತದೆ. ಕಡತದಲ್ಲಿ ಅವರನ್ನು ‘ಖಾಸಗಿ ನಿವಾಸಿ’ ಎನ್ನುತ್ತಾರೆ, ಊರಲ್ಲಿ ‘ಪಿಆರ್’ ಎನ್ನುತ್ತಾರೆ. ಹೊಲದ ಗಡಿಯೊಳಗೆ ನಿಂತು ಬೆಳೆಯ ಫೋಟೋ ತೆಗೆಯಬೇಕು, ಹೆಸರಿನ ಸಾಲುಗಳ ನಡುವೆ ತೊಗರಿ ಇದ್ದರೆ ಅದನ್ನು ಮಿಶ್ರಬೆಳೆಯೆಂದು ಗುರುತಿಸಬೇಕು, ಒಪ್ಪದ ರೈತನಿಗೆ ಉತ್ತರ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಉತಾರ ಎಂದು ಕರೆಯುವ ಪಹಣಿಯ ಬೆಳೆ ಕಾಲಮ್ಮು, ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ, ಬರದ ಪರಿಹಾರ ಇವೆಲ್ಲವೂ ಈ ದಾಖಲೆಯನ್ನು ನೆಚ್ಚಿಕೊಂಡಿರುವುದರಿಂದ ತಪ್ಪು ನಮೂದಾದರೆ ರೈತನ ಹಣವೇ ನಿಲ್ಲುತ್ತದೆ. ಕ್ಷೇತ್ರ ಸಮೀಕ್ಷೆ, ದತ್ತಾಂಶ ಸಂಗ್ರಹ, ನಿಖರತೆ ಎಂದು ಕಂಪನಿಗಳು ಜಾಹೀರಾತಿನಲ್ಲಿ ಕೇಳುವ ಕೌಶಲಗಳು ಈ ಕೆಲಸದಲ್ಲಿಯೇ ಇವೆ. ಇದನ್ನು ಮಾಡಿದ ಬಿ.ಎ. ವಿದ್ಯಾರ್ಥಿ ‘ಅನುಭವ ಇಲ್ಲ’ ಎಂದು ಬರೆಯುವುದು ಎಷ್ಟು ದೊಡ್ಡ ನಷ್ಟ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದೊಂದೇ ಅಲ್ಲ. ತಾಯಿಯ ಸ್ವಸಹಾಯ ಸಂಘದ ನಡಾವಳಿ ಪುಸ್ತಕವನ್ನು, ಅಂದರೆ ಸಭೆಯ ಚರ್ಚೆ ಮತ್ತು ಠರಾವುಗಳನ್ನು ದಾಖಲಿಸುವ ಪುಸ್ತಕವನ್ನು, ವಾರವಾರ ಬರೆದುಕೊಡುವ ಮಗಳು ಲೆಕ್ಕ ಮತ್ತು ವರದಿಯ ಬರವಣಿಗೆ ಎರಡನ್ನೂ ಮಾಡುತ್ತಿರುತ್ತಾಳೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಡಲೆಯ ಖರೀದಿ ನಡೆಯುವಾಗ ಚೀಲಗಳ ತೂಕ ಬರೆದುಕೊಂಡವನು, ದಿನದ ಜಮಾಖರ್ಚಿನ ಕಿರ್ದಿ ತುಂಬಿದವನು ವಾಣಿಜ್ಯ ಪದವಿಯ ಪಾಠವನ್ನು ಸ್ಥಳದಲ್ಲೇ ಕಲಿತಿರುತ್ತಾನೆ. 1905ರಲ್ಲಿ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದಾದ ಕಣಗಿನಹಾಳದ ಸಂಘ ಹುಟ್ಟಿದ್ದು ಇದೇ ಗದಗ ಸೀಮೆಯಲ್ಲಿ ಎಂಬುದನ್ನು ನೆನೆದರೆ ಆ ಕಿರ್ದಿಗೆ ಇಲ್ಲಿ ನೂರು ವರ್ಷ ಮೀರಿದ ಪರಂಪರೆಯಿದೆ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಪಟ್ಟೇದ ಅಂಚಿನ ಸೀರೆಗೆ ಬಂದ ಬೇಡಿಕೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟು, ಬಣ್ಣ, ಅಳತೆ, ಗಡುವು ತಪ್ಪದಂತೆ ನೋಡಿಕೊಳ್ಳುವ ವಿದ್ಯಾರ್ಥಿ ವ್ಯಾಪಾರದ ನಿರ್ವಹಣೆಯನ್ನೇ ಮಾಡುತ್ತಿರುತ್ತಾನೆ. ಕಾಲೇಜಿನೊಳಗೂ ಹೀಗೆಯೇ: 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಬಯೋಡಾಟಾದಲ್ಲಿ ಇದು ‘ಎನ್ನೆಸ್ಸೆಸ್’ ಎಂಬ ಒಂದೇ ಪದವಾಗಿ ಹವ್ಯಾಸಗಳ ಪಕ್ಕದಲ್ಲಿ ಕುಳಿತಿರುತ್ತದೆ.

ಮಾಡಿದ್ದನ್ನು ಬರೆಯಲು ಹಿಂಜರಿಯುವ ವಿದ್ಯಾರ್ಥಿ ಗುಣವಾಚಕಗಳನ್ನು ಮಾತ್ರ ಧಾರಾಳವಾಗಿ ಬರೆಯುತ್ತಾನೆ. ಶ್ರಮಜೀವಿ, ಪ್ರಾಮಾಣಿಕ, ಸಕಾರಾತ್ಮಕ ಮನೋಭಾವದವನು, ತಂಡದಲ್ಲಿ ಬೆರೆಯುವವನು ಎಂಬ ಮಾತುಗಳು ಝರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಾಗಿದ್ದು, ಹೆಸರು ಮಾತ್ರ ಬದಲಾಗುತ್ತ ಹೋಗುತ್ತವೆ. ಇಂಥ ಬರವಣಿಗೆಗೆ ಈ ನೆಲದಲ್ಲಿ ಹಳೆಯ ಮಾದರಿ ಇದೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಸಾಮಂತನೊಬ್ಬನ ಹೆಸರಿಗೆ ಮುನ್ನ ಬಿರುದುಗಳ ಮಾಲೆ ಬರುತ್ತದೆ. ‘ಸಮಧಿಗತ ಪಂಚಮಹಾಶಬ್ದ’, ಅಂದರೆ ಐದು ಮಂಗಳವಾದ್ಯಗಳ ಗೌರವವನ್ನು ಪಡೆದವನು, ಎಂಬ ಬಿರುದು ಎಷ್ಟೋ ಶಾಸನಗಳಲ್ಲಿ ಎಷ್ಟೋ ಜನರಿಗೆ ಸಲ್ಲುತ್ತದೆ. ಗಜೇಂದ್ರಗಡ ತಾಲ್ಲೂಕಿನ ಸೂಡಿಯನ್ನು 11ನೆಯ ಶತಮಾನದಲ್ಲಿ ತನ್ನ ನೆಲೆಯಾಗಿಸಿಕೊಂಡಿದ್ದ ರಾಜಕುಮಾರಿ ಅಕ್ಕಾದೇವಿ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಸೋದರಿ. ಆಕೆಗೆ ‘ಗುಣದಬೆಡಂಗಿ’ ಎಂಬ ಸುಂದರ ಬಿರುದಿತ್ತು. ಆದರೆ ಇತಿಹಾಸಕಾರರು ಆಕೆಯನ್ನು ಸಮರ್ಥ ಆಡಳಿತಗಾರ್ತಿ ಎಂದು ಒಪ್ಪಿಕೊಳ್ಳುವುದು ಆ ಬಿರುದಿನಿಂದಲ್ಲ. ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು ಎಂಬ ಸಂಗತಿಗಳು ಕಲ್ಲಿನಲ್ಲಿ ಉಳಿದಿರುವುದರಿಂದ. ಯಾವ ಶಕವರ್ಷ, ಯಾವ ಊರು, ಎಷ್ಟು ಮತ್ತರು ಭೂಮಿ ಎಂದು ಬರೆದ ಸಾಲುಗಳಿಗಾಗಿಯೇ ಶಾಸನವನ್ನು ಓದುತ್ತಾರೆ. ನೂರಾರು ಅರ್ಜಿಗಳನ್ನು ತಿರುವಿಹಾಕುವ ಅಧಿಕಾರಿಯ ಕಣ್ಣೂ ಬಿರುದುಗಳನ್ನು ದಾಟಿಕೊಂಡು ಅಂಥ ಸಾಲನ್ನೇ ಹುಡುಕುತ್ತದೆ.

ಆ ಸಾಲನ್ನು ಬರೆಯಲು ಕನ್ನಡ ಒಂದು ಅನುಕೂಲವನ್ನು ಕೊಡುತ್ತದೆ. ಕ್ರಿಯಾಪದದಿಂದ ಹುಟ್ಟಿ ನಾಮಪದದಂತೆ ನಿಲ್ಲುವ ‘ಬರೆದದ್ದು, ಎಣಿಸಿದ್ದು, ನಡೆಸಿದ್ದು’ ಎಂಬ ಕೃದಂತ ರೂಪಗಳಲ್ಲಿ ‘ನಾನು’ ಎಂಬ ಮಾತಿಲ್ಲದೆಯೇ ಕೆಲಸ ಎದ್ದು ಕಾಣುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಕಲಿತು ಬೆಳೆದ ಮಕ್ಕಳ ಸಂಕೋಚಕ್ಕೆ ಇದು ತಕ್ಕ ಪರಿಹಾರ. ‘ಬೆಳೆ ಸಮೀಕ್ಷೆಯ ಅನುಭವವಿದೆ’ ಎನ್ನುವುದಕ್ಕಿಂತ ‘2024ರ ಮುಂಗಾರಿನಲ್ಲಿ ರಾಜೂರಿನ 140 ಹಿಸ್ಸೆಗಳ ಬೆಳೆ, ವಿಸ್ತೀರ್ಣ ಮತ್ತು ಫೋಟೋಗಳನ್ನು ಆ್ಯಪ್‌ನಲ್ಲಿ ಗಡುವಿನೊಳಗೆ ದಾಖಲಿಸಿದ್ದು’ ಎನ್ನುವುದು ಎಷ್ಟೋ ಪಾಲು ಗಟ್ಟಿಯಾದ ಸಾಲು. ಸಂಖ್ಯೆ ಇಲ್ಲಿ ಮಾದರಿಗಷ್ಟೇ. ಪ್ರತಿಯೊಬ್ಬರೂ ತಮ್ಮ ನಿಜವಾದ ಸಂಖ್ಯೆಯನ್ನೇ ಬರೆಯಬೇಕು, ಏಕೆಂದರೆ ಸಂದರ್ಶನದಲ್ಲಿ ಮೊದಲು ಕೇಳುವುದು ಆ ಸಂಖ್ಯೆಯ ಬಗ್ಗೆಯೇ. ನಾಲ್ವರು ಸೇರಿ ಮಾಡಿದ ಕೆಲಸವನ್ನು ನಾಲ್ವರದೆಂದೇ ಬರೆದು ತನ್ನ ಪಾಲನ್ನು ಬಿಡಿಸಿ ಹೇಳುವುದೂ ಅಷ್ಟೇ ಮುಖ್ಯ. ಖಾಸಗಿ ಕಂಪನಿಗೆ ಕೊನೆಗೆ ಇಂಗ್ಲಿಷಿನಲ್ಲಿ ಕೊಡಬೇಕಾದರೂ ಮೊದಲ ಕರಡನ್ನು ಕನ್ನಡದಲ್ಲಿ ಬರೆದುಕೊಂಡರೆ, ಅರ್ಥವಾಗದ ಇಂಗ್ಲಿಷ್ ನುಡಿಗಟ್ಟುಗಳ ಹಿಂದೆ ಅಡಗುವ ಅವಕಾಶ ತಪ್ಪುತ್ತದೆ.

ರೂಪದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪಿಸಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದರಿಂದ ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ಮಾಡಿ ಕಳಿಸಬೇಕು. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಸೋಸುವುದು ತಂತ್ರಾಂಶ. ಕೋಷ್ಟಕ, ಚಿತ್ರ, ಅಲಂಕಾರದ ಚೌಕಟ್ಟುಗಳನ್ನು ಅದು ತಪ್ಪಾಗಿ ಓದಬಹುದಾದ್ದರಿಂದ ಸರಳ ಸಾಲುಗಳೇ ಕ್ಷೇಮ. ಇಮೇಲ್ ಖಾತೆಯನ್ನು ಅಂಗಡಿಯವರು ತೆರೆದುಕೊಟ್ಟು ಪಾಸ್‌ವರ್ಡ್ ಅವರ ಬಳಿಯೇ ಉಳಿದಿದ್ದರೆ ಸಂದರ್ಶನದ ಕರೆ ವಿದ್ಯಾರ್ಥಿಗೆ ತಲುಪುವುದೇ ಇಲ್ಲ. ‘ಮೇಲಿನ ಮಾಹಿತಿಯೆಲ್ಲ ಸತ್ಯ’ ಎಂಬ ಘೋಷಣೆ, ಅದರ ಕೆಳಗಿನ ಸ್ಥಳ, ದಿನಾಂಕ, ಸಹಿ ಇವು ಸರ್ಕಾರಿ ಅರ್ಜಿಯಿಂದ ಹರಿದುಬಂದವು. ರೆಸ್ಯೂಮೆಗೆ ಅವುಗಳ ಅಗತ್ಯವಿಲ್ಲ. ಹಾಳೆಯ ನೆತ್ತಿಯ ಮೇಲೆ ‘ಬಯೋಡಾಟಾ’ ಎಂದು ದಪ್ಪಕ್ಷರದಲ್ಲಿ ಬರೆಯುವ ಜಾಗದಲ್ಲಿ ವಿದ್ಯಾರ್ಥಿಯ ಹೆಸರೇ ಇರಬೇಕು.

ಬಯೋಡಾಟಾ ಎಂಬ ಪದ ಮದುವೆಯ ಮಾತುಕತೆಯಲ್ಲಿ ಇನ್ನೂ ಬಹುಕಾಲ ಬಾಳಲಿ. ಅಲ್ಲಿ ಅದಕ್ಕೆ ಕೆಲಸವಿದೆ. ಪದವಿ ಕಾಲೇಜುಗಳ ಉದ್ಯೋಗ ಕೋಶಗಳು ಮಾತ್ರ ಆರನೆಯ ಸೆಮಿಸ್ಟರ್ ಬರುವವರೆಗೆ ಕಾಯದೆ, ಮೊದಲ ಸೆಮಿಸ್ಟರಿನಿಂದಲೇ ಪ್ರತಿ ವಿದ್ಯಾರ್ಥಿಯ ಕೈಗೊಂದು ನೋಟುಬುಕ್ ಕೊಟ್ಟು, ಹೊಲದಲ್ಲಿ, ಮಗ್ಗದ ಮನೆಯಲ್ಲಿ, ಸಂಘದಲ್ಲಿ, ಶಿಬಿರದಲ್ಲಿ ಮಾಡಿದ ಪ್ರತಿಯೊಂದು ಕೆಲಸವನ್ನು ತಾರೀಖು ಮತ್ತು ಸಂಖ್ಯೆಯೊಡನೆ ಅದರಲ್ಲಿ ಬರೆಯಿಸಲಿ, ಮತ್ತು ಕನ್ನಡ ಅಧ್ಯಾಪಕರು ತಿಂಗಳಿಗೊಮ್ಮೆ ಅದನ್ನು ಓದಿ ತಿದ್ದಿಕೊಡಲಿ.