ದೊಡ್ಡಪ್ಪನ ಅಲಗು

ಹೆಬ್ಬಾಳ ಕೆರೆಯ ಕೆಳಗೆ ನಮ್ಮ ಸೊಪ್ಪಿನ ತೋಟವಿದ್ದ ಕಾಲ. ದೇವರಗೂಡಿನ ಪಕ್ಕದಲ್ಲಿ ದೊಡ್ಡಪ್ಪನ ಅಲಗು ವರ್ಷವೆಲ್ಲ ಅರಿಶಿನದ ಬಟ್ಟೆ ಸುತ್ತಿಕೊಂಡು ಒರಗಿರುತ್ತಿತ್ತು. ಯುಗಾದಿ ಕಳೆಯುತ್ತಲೇ ಅದಕ್ಕೆ ಸ್ನಾನ, ಕುಂಕುಮ, ತುದಿಗೊಂದು ನಿಂಬೆಹಣ್ಣು. ಮುಟ್ಟಹೋದರೆ ಗದರುತ್ತಿದ್ದ: "ಕಂಕಣ ಕಟ್ಟಿಸ್ಕೊಂಡ್ಮೇಲೆ ಮುಟ್ಟೋವಂತೆ, ಈಗ ಸುಮ್ನೆ ಕೂತ್ಕೊ."

ದೊಡ್ಡಪ್ಪ ಬೆಂಗಳೂರು ಕರಗದ ಉತ್ಸವದಲ್ಲಿ ಕಂಕಣ ಕಟ್ಟಿಸಿಕೊಂಡು, ಅಲಗು ಹಿಡಿದು ಕರಗ ಹೊತ್ತವನನ್ನು ಕಾಯುವ ವೀರಕುಮಾರ. ತಿಮಿರಾಸುರನ ಸಂಹಾರಕ್ಕೆಂದು ದ್ರೌಪದಿ ಸೃಷ್ಟಿಸಿದ ದಂಡು ತಾವೇ ಎಂಬುದು ನಮ್ಮ ತಿಗಳರ ನಂಬಿಕೆ. ಕರಗದ ದಿನಗಳಲ್ಲಿ ಅವನು ಮನೆಯವನಾಗಿ ಇರುತ್ತಿರಲಿಲ್ಲ. ಮಾಂಸವಿಲ್ಲ, ಹೆಂಡತಿಯ ಸಂಗವಿಲ್ಲ. ತಿಗಳರಪೇಟೆಯ ಧರ್ಮರಾಯನ ಗುಡಿಯ ಮುಂದೆ ನಿಂತು "ದಿಕ್‌ದಿ... ದಿಕ್‌ದಿ" ಎನ್ನುತ್ತ ಅಲಗನ್ನು ಎದೆಗೆ ಬಡಿದುಕೊಳ್ಳುವಾಗ, ಬೆಳಿಗ್ಗೆ ದಂಟಿನ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದ ಮನುಷ್ಯ ಇವನೇನಾ ಅನಿಸುತ್ತಿತ್ತು.

ಮುಂದೆ ಓದಿನ ಚಪಲಕ್ಕೆ, ನಮ್ಮವರಂತೆಯೇ ಗುಟ್ಟು ಕಾಯುವ ಫ್ರೀಮೇಸನ್ನರ ಚರಿತ್ರೆ ಕೈಗೆ ಸಿಕ್ಕಿತು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು, ಎಂದರೆ ಮೇಸನ್ನರ ಕೂಟಗಳು, ಸೇರಿ ಮಹಾ ಲಾಡ್ಜ್ ಕಟ್ಟಿದವು. ಬ್ರಿಟಿಷರ ಜೊತೆ ಈ ಕೂಟ ನಮ್ಮ ದೇಶಕ್ಕೂ ಬಂತು. 1961ರಲ್ಲಿ ಭಾರತಕ್ಕೇ ಬೇರೆ ಮಹಾ ಲಾಡ್ಜ್ ಆಯಿತು. ಅವರಲ್ಲೂ ಒಬ್ಬ ಕತ್ತಿ ಹಿರಿದು ಬಾಗಿಲು ಕಾಯುತ್ತಾನೆ, ಹೆಸರು ಟೈಲರ್ (ಬಟ್ಟೆ ಹೊಲಿಯುವವನಲ್ಲ). ಗುಟ್ಟು ಬಿಟ್ಟುಕೊಟ್ಟರೆ ಗಂಟಲು ಕೊಯ್ಯಲಿ ಎಂದು ಹೊಸಬ ಆಣೆ ಮಾಡಬೇಕಿತ್ತು. ಆ ಮಾತನ್ನು ಇಂಗ್ಲೆಂಡಿನವರು 1986ರಲ್ಲಿ ಪ್ರಮಾಣದಿಂದ ಕೈಬಿಟ್ಟರು. ಇದನ್ನು ಹೇಳಿದಾಗ ದೊಡ್ಡಪ್ಪ ನಕ್ಕ: "ನಮ್ದು ಬರ್ದಿಟ್ಟಿದ್ರೆ ತಾನೆ ಬಿಡೋಕೆ?" ಕರಗ ಹೊತ್ತವನ ತಲೆಯಿಂದ ಕರಗ ಜಾರಿದರೆ ಸುತ್ತಲಿನ ಅಲಗುಗಳೇ ಅವನ ಮೇಲೆ ಎರಗಬೇಕೆಂಬ ಮಾತು ಪೇಟೆಯಲ್ಲಿ ಈಗಲೂ ಇದೆ.

ಮೇಸನ್ನರು ಕದ ಹಾಕಿಕೊಂಡು ಗುಟ್ಟು ಕಾಯುತ್ತಾರೆ. ನಮ್ಮವರು ಅದನ್ನು ಚೈತ್ರದ ಹುಣ್ಣಿಮೆಯ ನಡುರಾತ್ರಿ ಲಕ್ಷ ಜನರ ನಡುವೆ ಹೊತ್ತು ಮೆರೆಸುತ್ತಾರೆ. ಕರಗ ಹೊತ್ತವನಿಗೆ ಹೆಣ್ಣುಡುಗೆ, ಬಳೆ, ಕೊರಳಲ್ಲಿ ಹೆಂಡತಿಯ ತಾಳಿ, ತಲೆಯ ಮೇಲೆ ಮಲ್ಲಿಗೆಯ ಗೋಪುರ. ಕೈ ಆನಿಸದೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರಬೇಕು. ಕರಗದ ಒಳಗೇನಿದೆ ಎಂದು ದೊಡ್ಡಪ್ಪನನ್ನು ಎಷ್ಟು ಸಲ ಕೇಳಿದೆನೋ. "ಮಲ್ಲಿಗೆ ಹೂವು ಕಾಣ್ತಿಲ್ವಾ?" ಅನ್ನುತ್ತಿದ್ದ.

ಹುಣ್ಣಿಮೆಯ ಕರಗಕ್ಕೆ ಮೊದಲು ನಡೆಯುವ ಹಸಿ ಕರಗದ ನಂಟು ಸಂಪಂಗಿ ಕೆರೆಯದು. ಆ ಕೆರೆಯ ನೀರೇ ಅಲ್ಲಿನ ತಿಗಳರ ತೋಟಗಳಿಗೂ ಆಧಾರ. 1896ರಲ್ಲಿ ನಮ್ಮ ಉತ್ತರದಿಕ್ಕಿನ ಹೆಸರಘಟ್ಟದಿಂದ ಕೊಳಾಯಿ ನೀರು ಊರಿಗೆ ಹರಿದದ್ದೇ ತಡ, ಸಂಪಂಗಿಯ ನೀರು ಊರಿನವರಿಗೆ ಬೇಡವಾಯಿತು. ಕೆರೆಯ ನೀರು ಉಳಿಸಿಕೊಡಿ ಎಂದು ತೋಟದವರು ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಕೊಟ್ಟರು. 1937ರ ಹೊತ್ತಿಗೆ ಕೆರೆಯಲ್ಲಿ ಉಳಿದದ್ದು ಕರಗಕ್ಕೆಂದು ಬಿಟ್ಟ ಚೌಕದ ಒಂದು ಕೊಳ. ಮಿಕ್ಕ ಅಂಗಳದಲ್ಲಿ ಆಮೇಲೆ ಕಂಠೀರವ ಕ್ರೀಡಾಂಗಣ ಎದ್ದಿತು. ತೋಟದವನ ಹೊಟ್ಟೆಪಾಡಿಗೆ ಕೊಡದ ನೀರನ್ನು ಅವನ ದೇವರಿಗಾದರೂ ಕೊಟ್ಟರಲ್ಲ ಎಂದು ಸಮಾಧಾನ ಪಡಲು ನನ್ನಿಂದಾಗದು.

ನಮ್ಮ ತೋಟವೂ ಸೈಟುಗಳಾಯಿತು. ನಾನು ಕಂಕಣ ಕಟ್ಟಿಸಿಕೊಳ್ಳಲೇ ಇಲ್ಲ. ಮೊದಲು ಪರೀಕ್ಷೆ, ಆಮೇಲೆ ನೌಕರಿ. ಅಲಗು ಈಗ ಆರ್.ಟಿ. ನಗರದಲ್ಲಿ, ದೊಡ್ಡಪ್ಪನ ಮೊಮ್ಮಗನ ಮನೆಯ ಮೂರನೇ ಮಹಡಿಯಲ್ಲಿದೆ. ಹೋದ ಸಲದ ಕರಗಕ್ಕೆ ಅವನು ಬಿಳಿ ಪೇಟ ಸುತ್ತಿ ಹೊರಟ. ಲಿಫ್ಟಿನಲ್ಲಿ ಅಲಗು ನೆಟ್ಟಗೆ ಹಿಡಿಯಲು ಜಾಗ ಸಾಲದೆ, ಮೆಟ್ಟಿಲಲ್ಲೇ ಇಳಿದು ಹೋದ.