ಭಾವನಾತ್ಮಕ ಅಸ್ಥಿರತೆ ಹಾಗೂ ಹೃದ್ರೋಗದ ಅಪಾಯ: ಬಾಗಲಕೋಟೆ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಅತಿಯಾದ ಕೋಪ, ನಿರಂತರ ಆತಂಕ, ಖಿನ್ನತೆ ಹಾಗೂ ಕ್ಷಣಕ್ಷಣಕ್ಕೂ ಬದಲಾಗುವ ಮನಃಸ್ಥಿತಿಯನ್ನು ಸಾಮಾನ್ಯವಾಗಿ ಭಾವನಾತ್ಮಕ ಅಸ್ಥಿರತೆ ಎನ್ನಲಾಗುತ್ತದೆ. ಇದು ಮನಸ್ಸಿಗೆ ಮಾತ್ರ ಸೀಮಿತವಾದುದಲ್ಲ. ದೀರ್ಘಕಾಲ ಮುಂದುವರಿದಲ್ಲಿ ಹೃದಯಕ್ಕೂ ಹಾನಿಯುಂಟಾಗುವ ಸಂಭವವಿರುತ್ತದೆ. ಭಾರತವೂ ಸೇರಿದಂತೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಸದಾ ಒತ್ತಡದಲ್ಲಿರುವವರಲ್ಲಿ ಹೃದಯಾಘಾತದ ಸಂಭವವು ಸುಮಾರು ಎರಡು ಪಟ್ಟು ಕಂಡುಬಂದಿದೆ.

ಜಿಲ್ಲೆಯ ಹಿನ್ನೆಲೆ
ಆಲಮಟ್ಟಿ ಹಿನ್ನೀರಿನಿಂದ ಮನೆ, ಜಮೀನು ಕಳೆದುಕೊಂಡು ನವನಗರ ಹಾಗೂ ಪುನರ್ವಸತಿ ಕೇಂದ್ರಗಳಿಗೆ ತೆರಳಿದ ಬಾಗಲಕೋಟೆಯ ಕುಟುಂಬಗಳು, 2009 ಮತ್ತು 2019ರಲ್ಲಿ ಮಲಪ್ರಭಾ ಪ್ರವಾಹಕ್ಕೆ ತುತ್ತಾದ ಬಾದಾಮಿ, ಹುನಗುಂದ ಭಾಗದ ರೈತರು, ಮಗ್ಗ ನಿಂತ ದಿನ ಆದಾಯವೂ ನಿಲ್ಲುವ ಇಳಕಲ್ಲಿನ ನೇಕಾರರು ಆರ್ಥಿಕ ಹಾಗೂ ಮಾನಸಿಕ ಒತ್ತಡವನ್ನು ಬಲ್ಲವರೇ ಆಗಿದ್ದಾರೆ. ಇಂತಹವರು ಮನಸ್ಸಿನ ನೋವನ್ನು ಅಲಕ್ಷಿಸಬಾರದು.

ಹೃದಯದ ಮೇಲಾಗುವ ಪರಿಣಾಮಗಳು
1. ಕೋಪ, ಭಯದ ಸಮಯದಲ್ಲಿ ಅಡ್ರಿನಲಿನ್ ಸ್ರವಿಸಿ ನಾಡಿಬಡಿತ ಹಾಗೂ ರಕ್ತದೊತ್ತಡ ಏರುತ್ತವೆ. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯೂ ಹೆಚ್ಚುತ್ತದೆ.
2. ತೀವ್ರ ಆಘಾತದ ನಂತರ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲಗೊಳ್ಳುವುದುಂಟು. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು.
3. ಒತ್ತಡದಲ್ಲಿರುವವರು ಗುಟ್ಕಾ, ಬೀಡಿ, ಮದ್ಯಕ್ಕೆ ಮೊರೆಹೋಗುವುದು, ನಿದ್ರೆಗೆಡುವುದು, ಬಿ.ಪಿ. ಹಾಗೂ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದು ಅಪಾಯವನ್ನು ಹೆಚ್ಚಿಸುತ್ತದೆ.
4. ಹೃದಯಾಘಾತದ ನಂತರ ಖಿನ್ನತೆಗೆ ಒಳಗಾದವರಲ್ಲಿ ಚೇತರಿಕೆ ಕುಂಠಿತವಾಗುತ್ತದೆ. ಇವರಿಗೆ ಎರಡೂ ಚಿಕಿತ್ಸೆ ಅಗತ್ಯ.

ತುರ್ತು ಲಕ್ಷಣಗಳು
ಎದೆ ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡುಬಂದಲ್ಲಿ ತಕ್ಷಣ 108ಕ್ಕೆ ಕರೆಮಾಡತಕ್ಕದ್ದು. ಆತಂಕದಲ್ಲಿಯೂ ಇಂತಹವೇ ಲಕ್ಷಣಗಳಿರುವುದರಿಂದ ಇ.ಸಿ.ಜಿ. ಪರೀಕ್ಷೆಯಿಲ್ಲದೆ ಗ್ಯಾಸ್ ಅಥವಾ ಟೆನ್ಶನ್ ಎಂದು ಮನೆಯಲ್ಲಿಯೇ ತೀರ್ಮಾನಿಸಬಾರದು. ವಿಶೇಷವಾಗಿ ಮಹಿಳೆಯರ ನೋವನ್ನು ಹೀಗೆ ತಳ್ಳಿಹಾಕುವುದರಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

ಲಭ್ಯವಿರುವ ಸೌಲಭ್ಯಗಳು
1. 30 ವರ್ಷ ಮೇಲ್ಪಟ್ಟವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ಉಚಿತ ತಪಾಸಣೆ.
2. ನಟ ದಿ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದ ನಂತರ ಅವರ ಹೆಸರಿನಲ್ಲಿ ರೂಪಿಸಲಾದ ಹೃದಯ ಜ್ಯೋತಿ ಯೋಜನೆ. ಇದಕ್ಕೊಳಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಮಾಡಿ, ಅಗತ್ಯವಿದ್ದಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಎಷ್ಟು ಬೇಗ ನೀಡಲಾಗುವುದೋ ಅಷ್ಟು ಹೆಚ್ಚು ಫಲಕಾರಿ.
3. ಟೆಲಿ ಮನಸ್ ಉಚಿತ ಸಹಾಯವಾಣಿ 14416 (2022ರಿಂದ). ದಿನದ 24 ಗಂಟೆಯೂ ಕನ್ನಡದಲ್ಲಿ ಆಪ್ತಸಮಾಲೋಚನೆ ಪಡೆಯಬಹುದು.
4. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ. ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯ. ಆಧಾರ್ ಹಾಗೂ ಪಡಿತರ ಚೀಟಿ ಹಾಜರುಪಡಿಸತಕ್ಕದ್ದು.

ಗೋಪ್ಯತೆ
ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕು ರೋಗಿಗೆ ಇರುತ್ತದೆ. ಜನರು ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ಚಿಕಿತ್ಸೆ ತಪ್ಪಿಸಿಕೊಳ್ಳಬಾರದೆಂದು ಕೋರಲಾಗಿದೆ.

ಸೂಚನೆ
ಬಿ.ಪಿ., ಹೃದ್ರೋಗ ಅಥವಾ ಮನೋರೋಗದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು. ದಿನನಿತ್ಯದ ನಡಿಗೆ, ಸಾಕಷ್ಟು ನಿದ್ರೆ, ಆಪ್ತರೊಡನೆ ಮಾತುಕತೆ ಹಾಗೂ ತಂಬಾಕು ವರ್ಜನೆ ಮನಸ್ಸು, ಹೃದಯ ಎರಡಕ್ಕೂ ಹಿತಕರ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಅಥವಾ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು.